ಗಾಳಿ ತೆಗೆಯುವುದು

ಹೆಬ್ಬಾಳದ ಏರಿನಲ್ಲಿ ಮೂರನೇ ಸಲ ನಿಂತುಹೋದ ಮೇಲೆ
ಹಗ್ಗ ಕಟ್ಟಿ ಗೊರಗುಂಟೆಪಾಳ್ಯದ ಶೆಡ್ಡಿಗೆ ಎಳೆಸಿಕೊಂಡು ಬಂದೆ.
ಹಿಂದೆ ಒಂಬತ್ತು ಟನ್ನು ಖಾಲಿ ಬಾಟಲಿ,
ಗುಂಡಿ ಸಿಕ್ಕಾಗೆಲ್ಲ ಇಡೀ ಲಾರಿ ಕಿಣಿಕಿಣಿ ನಗುತ್ತಿತ್ತು,
ಬೈಕಿನವರು ತಿರುಗಿ ನೋಡುತ್ತಿದ್ದರು.

ಸೆಲ್ವರಾಜಣ್ಣ ಗೋಣಿ ಹಾಸಿ ಕೆಳಗೆ ತೂರಿದ.
ಬಾಯಲ್ಲಿ ಟಾರ್ಚು ಕಚ್ಚಿದ್ದರಿಂದ
ರೋಗ ಏನೆಂದು ಅರ್ಥವಾಗಲು ಹೊತ್ತು ಹಿಡಿಯಿತು:
ಪಂಪು ಮುದಿಯಾಗಿದೆ,
ಡೀಸೆಲ್ ಎಳೆಯೋ ಬದಲು ಗಾಳಿ ಕುಡೀತಿದೆ.
"ಕಂಪನಿದು ಹಾಕಿದ್ರೆ ವರ್ಷಕ್ಕೆ ಮತ್ತೆ ಇದೇ ಕಥೆ.
ಹೊರಗಿಂದು ಹಾಕೋಣ. ಕರೆಂಟಿಂದು."

ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಹತ್ತಿಳಿದೆ.
ಸಿಕ್ಕಿದ್ದು ಮಗುವಿನ ಬೂಟಿನಷ್ಟು ಪೆಟ್ಟಿಗೆ,
ಒಳಗೆ ಬೆಳ್ಳನೆ ಪಂಪು, ಎರಡು ಫಿಲ್ಟರು, ರಿಲೇ,
ನಾಲ್ಕು ಭಾಷೆಯ ಚೀಟಿ, ನಮ್ಮದೊಂದು ಬಿಟ್ಟು.
ಅದರಲ್ಲೇ ಇಮ್ದಾದ್ ಬೋಂಡದ ಎಣ್ಣೆ ಒರೆಸಿಕೊಂಡ.

ಟ್ಯಾಂಕಿನ ಪೈಪಿಗೆ ಬಾಯಿ ಹಚ್ಚಿ ಎಳೆದವನು ನಾನೇ.
ಹನ್ನೊಂದು ವರ್ಷ ಅನ್ನ ಹಾಕಿದ ಡೀಸೆಲ್ಲಿನ ರುಚಿ
ಅಂದೂ ಕೆಟ್ಟದಾಗಿಯೇ ಇತ್ತು.
ಚಾಸಿಗೆ ತೂತು ಕೊರೆಯುವಾಗ
ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗೆ
ನಾನು ಕಣ್ಣು ಮುಚ್ಚಿಕೊಂಡೆ.
"ಟ್ಯಾಂಕಿಗಿಂತ ಕೆಳಗಿರಬೇಕು ಪಂಪು," ಅಂದ ಅಣ್ಣ,
"ಮೇಲೆ ಕೂತೋನು ಬೇಗ ಸುಸ್ತಾಗ್ತಾನೆ."
ಪೈಪು, ಕ್ಲಿಪ್ಪು, ಮತ್ತೆ ಪೈಪು.
ಒಂದು ಕ್ಲಿಪ್ಪಿನ ಮರೆ ಸವೆದಿತ್ತು, ಇಮ್ದಾದನಿಗೆ ಬೈಗುಳ,
ಅಂಗಡಿಯವನಿಗೆ ಬೈಗುಳ, ಕೊನೆಗೆ ನನಗೂ.

ಕಳಚಿದ ಹಳೆಯ ಪಂಪು ನನ್ನ ಮಡಿಲಿಗೆ ಬಂತು.
ಅದರ ತಲೆಯ ಮೇಲಿನ ಕರಿ ಗುಬುಟು
ನನ್ನ ಎಡ ಅಂಗೈಗೆ ಗೊತ್ತು.
ದಿನಾ ನಸುಕಿನಲ್ಲಿ, ಚಹಾಕ್ಕೂ ಮೊದಲು,
ಕ್ಯಾಬಿನ್ನಿನ ಕೆಳಗೆ ಕೈ ತೂರಿಸಿ
ಅದನ್ನು ಅರವತ್ತು ಸಲ ಒತ್ತಿದರೇ ಗಾಡಿಗೆ ಎಚ್ಚರ.
ಅರವತ್ತು. ಚಳಿಗಾಲದಲ್ಲಿ ಎಪ್ಪತ್ತು.
ಒತ್ತುತ್ತಾ ಲೆಕ್ಕ ಹಾಕುತ್ತಿದ್ದೆ:
ಕಂತು, ಟಯರು, ತಂಗಿಯ ಹೆರಿಗೆ,
ಯಾವ ಸಾಲ ಯಾರಿಗೆ ಮೊದಲು.
ಐವತ್ತರ ಹೊತ್ತಿಗೆ ಎಲ್ಲಕ್ಕೂ ಒಂದು ದಾರಿ ಹೊಳೆಯುತ್ತಿತ್ತು,
ಸೆಲ್ಫು ಹೊಡೆದ ಕೂಡಲೇ ಮರೆತುಹೋಗುತ್ತಿತ್ತು.
"ಗುಜರಿಗೆ ನೂರಿಪ್ಪತ್ತು ಕೊಡ್ತಾನೆ," ಅಂದ ಇಮ್ದಾದ್.
ಸೀಟಿನ ಕೆಳಗೆ ಇಟ್ಟೆ, ಚಿಂದಿಯಲ್ಲಿ ಸುತ್ತಿ.

ಇನ್ನು ಗಾಳಿ ತೆಗೆಯುವುದು.
ಫಿಲ್ಟರಿನ ತಲೆಯ ನಟ್ಟು ಅರ್ಧ ಸುತ್ತು ಸಡಿಲ.
ಮೊದಲು ಬುರುಬುರು, ಹಾಲಿನ ನೊರೆಯಂಥದ್ದು,
ಆಮೇಲೆ ಒಂದೊಂದೇ ಗುಳ್ಳೆ,
ಬರಬೇಕೋ ಬೇಡವೋ ಎಂಬಂತೆ.
ಅಷ್ಟರಲ್ಲಿ ಅಣ್ಣನಿಗೆ ಕೆಮ್ಮು ಒತ್ತರಿಸಿತು.
ಮಡ್‌ಗಾರ್ಡು ಹಿಡಿದು ಬಗ್ಗಿದ. ಎದೆಯಲ್ಲಿ ಸಿಳ್ಳೆ.
ಜೇಬಿನ ನೀಲಿ ಪಫ್ಫು ಬಾಯಿಗಿಟ್ಟು ಎರಡು ಸಲ ಎಳೆದ.
ನಾವಿಬ್ಬರೂ ಸುಮ್ಮನೆ ಗುಳ್ಳೆ ನೋಡುತ್ತಾ ನಿಂತೆವು.
"ಇವಳಿಗೆ ಗಾಳಿ ಸೇರಬಾರದು," ಅಂದ, ಉಸಿರು ಸಿಕ್ಕ ಮೇಲೆ,
"ನನಗೆ ಸೇರಲ್ಲ. ನಟ್ಟು ಬಿಗಿ ಮಾಡೋ."

ಕೀಲಿ ತಿರುಗಿಸಿದೆ, ಅರ್ಧಕ್ಕೆ ಮಾತ್ರ.
ಕೆಳಗೆಲ್ಲೋ ಸಣ್ಣಗೆ ಗುಂಯ್.
ತಲೆಯ ಮೇಲೆ ಮೆಟ್ರೋ ಹಾಯಿತು,
ಅದು ಹೋದ ಮೇಲೂ ಗುಂಯ್ ಇತ್ತು.
ಮೊದಲ ಸೆಲ್ಫಿಗೇ ಎಂಜಿನ್ ಎದ್ದಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ; ಅಣ್ಣ ಮಜೂರಿ ಹೇಳಿದ,
ನಾನು ಇನ್ನೂರು ಕಡಿಮೆ ಕೇಳಿದೆ, ನೂರಕ್ಕೆ ನಿಂತಿತು.

ರಾತ್ರಿ ಹತ್ತಕ್ಕೆ ನೋ ಎಂಟ್ರಿ ಮುಗಿಯಿತು.
ಬಾಟಲಿಗಳೆಲ್ಲ ಮತ್ತೆ ನಗುತ್ತಾ ಹೊರಟವು,
ಮತ್ತೆ ಅದೇ ಹೆಬ್ಬಾಳ, ಅದೇ ಏರು, ಎರಡನೇ ಗೇರು.
ಆ ಗದ್ದಲದಲ್ಲಿ ಹೊಸ ಪಂಪಿನ ಸದ್ದಿಗೆ ಕಿವಿಗೊಟ್ಟೆ,
ಕೇಳಲಿಲ್ಲ.
ಗಾಡಿ ಏರುತ್ತಿತ್ತು.
ಗೇರಿನ ಗುಂಡಿನ ಮೇಲೆ ಎಡಗೈ ತನ್ನ ಪಾಡಿಗೆ ತಾನು
ಒತ್ತುತ್ತಲೇ ಇತ್ತು:
ಐವತ್ತೇಳು, ಐವತ್ತೆಂಟು.